ಹಳ್ಳ ಏರುವ ಮುಂಚೆ



ನಿಮ್ಮ ಮನೆಯ ಕೆಳಗಿನ ಹಳ್ಳವನ್ನು ನೀವು ದಿನಾಲೂ ನೋಡುತ್ತೀರಿ. ಶಿವರಾತ್ರಿಯ ಹೊತ್ತಿಗೆ ಅದರಲ್ಲಿ ಪಾದ ಮುಳುಗುವಷ್ಟು ನೀರಿರುತ್ತದೆ. ಮಕ್ಕಳು ಕಲ್ಲಿನಿಂದ ಕಲ್ಲಿಗೆ ಹಾರಿ ಆಚೆ ದಡ ಸೇರುತ್ತಾರೆ. ದನ ಇಳಿದು ನೀರು ಕುಡಿಯುತ್ತದೆ. ಮೃಗಶಿರ ಮಳೆ ಹಿಡಿದ ಮೇಲೆ ಅದಕ್ಕೆ ಸ್ವಲ್ಪ ಬಣ್ಣ ಬರುತ್ತದೆ, ಸ್ವಲ್ಪ ಸದ್ದು ಬರುತ್ತದೆ. ಅಷ್ಟಕ್ಕೆ ಯಾರೂ ಹೆದರುವುದಿಲ್ಲ, ಹೆದರಬೇಕಾದ್ದೂ ಇಲ್ಲ. ಹಳ್ಳವಿದ್ದರೆ ತೋಟ, ಹಳ್ಳವಿದ್ದರೆ ಗದ್ದೆ. ನಮ್ಮ ಹಿರಿಯರು ಹಳ್ಳವನ್ನು ಹುಡುಕಿಕೊಂಡೇ ಮನೆ ಕಟ್ಟಿದರು. ಆದರೆ ಇದೇ ಹಳ್ಳ ಕೆಲವು ಸಲ ಒಂದೇ ತಾಸಿನೊಳಗೆ ಆಳೆತ್ತರ ಏರಿ, ಬಂಡೆ ಉರುಳಿಸಿಕೊಂಡು, ಮರ ಹೊತ್ತುಕೊಂಡು ಬರುವುದುಂಟು. ಆಗ ಏನು ಮಾಡಬೇಕೆಂದು ಯೋಚಿಸುವುದಕ್ಕೆ ಪುರುಸೊತ್ತು ಸಿಗುವುದಿಲ್ಲ. ಯೋಚನೆಯೆಲ್ಲ ಮುಂಚೆಯೇ ಮುಗಿದಿರಬೇಕು. ಇವತ್ತಿನ ನನ್ನ ಮಾತಿನ ಸಾರ ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ನೆರೆಯಲ್ಲಿ ಎರಡು ತೆರ ಉಂಟು. ಬಯಲುಸೀಮೆಯ ದೊಡ್ಡ ನದಿಯ ನೆರೆ ಒಂದು. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆಯಾಗಿ, ಆ ನೀರು ಕೃಷ್ಣೆಗೆ ಇಳಿದು ನಮ್ಮ ಬಾಗಲಕೋಟೆ, ರಾಯಚೂರು ಕಡೆಯ ಊರುಗಳನ್ನು ಮುಟ್ಟುವುದಕ್ಕೆ ದಿನಗಳೇ ಬೇಕು. ಅಷ್ಟರಲ್ಲಿ ಅಣೆಕಟ್ಟಿನಿಂದ ಇಷ್ಟು ನೀರು ಬಿಟ್ಟರಂತೆ ಎಂಬ ಸುದ್ದಿ ಬರುತ್ತದೆ, ಡಂಗುರ ಹೊಡೆಯುತ್ತಾರೆ, ಗಂಟುಮೂಟೆ ಕಟ್ಟುವುದಕ್ಕೆ ಸಮಯ ಸಿಗುತ್ತದೆ. ಬೆಟ್ಟದ ನೆರೆ ಹಾಗಲ್ಲ. ಮಳೆ ಬಿದ್ದ ಆರು ಗಂಟೆಯೊಳಗೆ, ಎಷ್ಟೋ ಸಲ ಒಂದು ಗಂಟೆಯೊಳಗೆ, ನೀರು ಬಂದೇ ಬಿಡುತ್ತದೆ. ಇದನ್ನೇ ದಿಢೀರ್ ಪ್ರವಾಹ ಎನ್ನುತ್ತಾರೆ. ಇಲ್ಲಿ ಸುದ್ದಿಗಿಂತ ನೀರೇ ಮುಂದೆ.

ಇದು ಯಾಕೆ ಹೀಗೆ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ. ಒಂದು ಎಕರೆ ನೆಲದ ಮೇಲೆ ಒಂದು ಅಂಗುಲ, ಅಂದರೆ ಸುಮಾರು 25 ಮಿಲಿಮೀಟರ್, ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರ್ ನೀರು. ನಿಮ್ಮ ಮನೆಯ ಹಿಂದೆ ಬೆಟ್ಟವಿದೆ. ಅದರ ನೀರೆಲ್ಲ ನಿಮ್ಮ ಹಳ್ಳಕ್ಕೇ ಇಳಿಯಬೇಕು. ಆ ಬೆಟ್ಟ ಇನ್ನೂರು ಎಕರೆ ಎಂದಿಟ್ಟುಕೊಳ್ಳಿ. ಒಂದು ಗಂಟೆಯಲ್ಲಿ ಎರಡು ಅಂಗುಲ ಮಳೆ ಹೊಯ್ದರೆ ಬಿದ್ದ ನೀರು ನಾಲ್ಕು ಕೋಟಿ ಲೀಟರ್. ತೂಕ ಹಾಕಿದರೆ ನಲವತ್ತು ಸಾವಿರ ಟನ್. ಹತ್ತು ಟನ್ ಹೇರಿದ ನಾಲ್ಕು ಸಾವಿರ ಲಾರಿ ಸಾಲಾಗಿ ನಿಂತರೆ ಎಷ್ಟೋ ಅಷ್ಟು. ಅದರಲ್ಲಿ ಅರ್ಧವನ್ನು ನೆಲ ಕುಡಿಯಿತು ಎಂದರೂ, ಉಳಿದ ಎರಡು ಸಾವಿರ ಲಾರಿ ನಿಮ್ಮ ಮನೆಯ ಕೆಳಗಿನ ಹತ್ತಡಿ ಅಗಲದ ಇಕ್ಕಟ್ಟಿನಲ್ಲೇ ಹಾದುಹೋಗಬೇಕು. ಲಾಳಿಕೆಗೆ ಕೊಡದ ನೀರನ್ನು ಒಂದೇ ಸಲ ಸುರಿದ ಹಾಗೆ.

ನೆಲ ಎಷ್ಟು ಕುಡಿಯುತ್ತದೆ ಎಂಬುದು ಮಳೆಯ ನಕ್ಷತ್ರದ ಮೇಲೂ ಹೋಗುತ್ತದೆ. ಜೂನ್ ತಿಂಗಳಲ್ಲಿ, ಮೃಗಶಿರ, ಆರಿದ್ರಾ ಮಳೆಯಲ್ಲಿ, ಮಣ್ಣು ಬಾಯಾರಿರುತ್ತದೆ, ಬಿದ್ದದ್ದನ್ನು ಹೀರಿಕೊಳ್ಳುತ್ತದೆ. ಪುನರ್ವಸು, ಪುಷ್ಯ ದಾಟಿ ಆಗಸ್ಟಿನ ಆಶ್ಲೇಷಾ ಬರುವಷ್ಟರಲ್ಲಿ ಬೆಟ್ಟವೆಲ್ಲ ನೆಂದ ಸ್ಪಂಜಿನ ಹಾಗೆ ತುಂಬಿರುತ್ತದೆ. ಆಮೇಲೆ ಬಿದ್ದ ಮಳೆಯೆಲ್ಲ ನೇರವಾಗಿ ಹಳ್ಳಕ್ಕೆ. ಅಷ್ಟೇ ಅಲ್ಲ, ಆ ತುಂಬಿದ ಮಣ್ಣೇ ತನ್ನ ಭಾರ ತಾನು ತಾಳಲಾರದೆ ಜಾರಲು ನೋಡುತ್ತದೆ. ಕಳೆದ ವರ್ಷಗಳ ದುರಂತಗಳ ತಾರೀಖನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕೊಡಗಿನ ಅನಾಹುತ 2018ರ ಆಗಸ್ಟ್ ನಡುವಿನಲ್ಲಿ. ಮರುವರ್ಷ, 2019ರ ಆಗಸ್ಟ್ ಎರಡನೆಯ ವಾರದಲ್ಲಿ, ವಿರಾಜಪೇಟೆ ತಾಲೂಕಿನ ತೋರ. ಅದೇ ದಿನಗಳಲ್ಲಿ ಚಾರ್ಮಾಡಿ ಘಟ್ಟದ ಕೆಳಗೆ ಬೆಳ್ತಂಗಡಿ ತಾಲೂಕಿನ ಅಡಿಕೆ ತೋಟಗಳಿಗೆ ಹೊಳೆ ನುಗ್ಗಿ ಮರಳನ್ನೂ ಮರದ ದಿಮ್ಮಿಗಳನ್ನೂ ರಾಶಿ ಹಾಕಿತು. ತಲಕಾವೇರಿಯ ಬೆಟ್ಟ ಕುಸಿದದ್ದು 2020ರ ಆಗಸ್ಟ್ ಮೊದಲ ವಾರದಲ್ಲಿ. ವಯನಾಡಿನದು 2024ರ ಜುಲೈ 30. ಹಾಗೆಂದು ಬೇರೆ ತಿಂಗಳಲ್ಲಿ ಭಯವಿಲ್ಲ ಎಂದಲ್ಲ. ಮೇ ತಿಂಗಳ ಮತ್ತು ಅಕ್ಟೋಬರ್ ತಿಂಗಳ ಗುಡುಗುಮಳೆ ಗಂಟೆಯೊಳಗೆ ಒಣಹಳ್ಳವನ್ನು ಉಕ್ಕಿಸಬಲ್ಲುದು.

ಇನ್ನೊಂದು ಮುಖ್ಯ ಸಂಗತಿ. ಪ್ರಾಣ ತೆಗೆಯುವ ನೀರು ನಿಮ್ಮ ತಲೆಯ ಮೇಲೆ ಬಿದ್ದ ಮಳೆಯದಲ್ಲ. ಮೇಲೆ, ಕಣ್ಣಿಗೆ ಕಾಣದ ಬೆಟ್ಟದ ತಲೆಯಲ್ಲಿ ಬಿದ್ದ ಮಳೆಯದು. ಇಲ್ಲಿ ಬಿಸಿಲು ಹಣಿಕಿದ್ದರೂ ಅಲ್ಲಿ ಮೋಡ ಒಡೆದಿರಬಹುದು. ಮಹಾರಾಷ್ಟ್ರದ ಲೋಣಾವಳದ ಭುಶಿ ಅಣೆಕಟ್ಟಿನ ಹಿಂದಿನ ಅಬ್ಬಿಯಲ್ಲಿ 2024ರ ಜೂನ್ 30ರಂದು ಒಂದೇ ಕುಟುಂಬದ ಐವರು ಹೀಗೇ ಹೋದರು. ನೋಡನೋಡುತ್ತಿದ್ದಂತೆ ಸುತ್ತಲೂ ನೀರು ಏರಿತು, ನಡುವಿನ ಕಲ್ಲಿನ ಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತರು, ದಡದಲ್ಲಿದ್ದವರಿಗೆ ಏನೂ ಮಾಡಲಾಗಲಿಲ್ಲ. ನಿಮ್ಮಲ್ಲಿಗೆ ನೆಂಟರು ಬರುತ್ತಾರೆ, ಹೋಂಸ್ಟೇಗೆ ಪಟ್ಟಣದವರು ಬರುತ್ತಾರೆ. ಅವರಿಗೆ ಹಳ್ಳದ ಗುಣ ಗೊತ್ತಿಲ್ಲ. ಮಳೆಗಾಲದಲ್ಲಿ ಅಬ್ಬಿಗೆ ಇಳಿಯಬಾರದು, ನಡುಹಳ್ಳದ ಕಲ್ಲಿನ ಮೇಲೆ ನಿಂತು ಫೋಟೋ ತೆಗೆಯಬಾರದು ಎಂದು ಹೇಳುವ ಹೊಣೆ ಸ್ಥಳದವರಾದ ನಿಮ್ಮದು. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಹರಿಯುವ ನೀರಿನ ಬಲವನ್ನು ನಾವು ಯಾವಾಗಲೂ ಕಡಿಮೆ ಅಂದಾಜು ಮಾಡುತ್ತೇವೆ. ರಭಸದಿಂದ ಹರಿಯುವ ಅರ್ಧ ಅಡಿ ನೀರು ಗಟ್ಟಿಮುಟ್ಟಾದ ಆಳನ್ನು ಬೀಳಿಸಬಲ್ಲುದು. ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸುತ್ತದೆ. ಎರಡು ಅಡಿಯಾದರೆ ಜೀಪು, ಪಿಕಪ್ ಕೂಡ ನಿಲ್ಲುವುದಿಲ್ಲ. ನೀರಿನ ವೇಗ ಎರಡು ಪಟ್ಟಾದರೆ ಅದರ ನೂಕು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಜೊತೆಗೆ ಕೆಸರು ನೀರಿನಡಿಯಲ್ಲಿ ಮೋರಿ ಉಳಿದಿದೆಯೋ ಕೊಚ್ಚಿಹೋಗಿದೆಯೋ ಮೇಲಿನಿಂದ ಕಾಣುವುದಿಲ್ಲ. "ನಿನ್ನೆ ಇದೇ ಮೋರಿ ಮೇಲೆ ಬೈಕು ದಾಟ್ಸಿದ್ದೆ" ಎಂಬುದು ನಿನ್ನೆಯ ಮಾತು.

ಕಾಲುಸಂಕದ ವಿಷಯವೂ ಹಾಗೆಯೇ. ಅಡಿಕೆ ಮರದ ದಬ್ಬೆಯೋ ಎರಡು ದಿಮ್ಮಿಯೋ ಹಾಕಿದ ಸಂಕದ ಮೇಲೆ ನಮ್ಮ ಎಷ್ಟೋ ಮಕ್ಕಳು ಇವತ್ತಿಗೂ ಶಾಲೆಗೆ ಹೋಗಿಬರುತ್ತಾರೆ. 2022ರ ಮಳೆಗಾಲದಲ್ಲಿ ಬೈಂದೂರು ಸೀಮೆಯಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಒಂದು ಪುಟ್ಟ ಮಗು ಸಂಕದಿಂದ ಜಾರಿ ಹಳ್ಳದ ಪಾಲಾಯಿತು. ಆ ಒಂದು ದಿನ ಶಾಲೆ ತಪ್ಪಿದ್ದರೆ ಏನಾಗುತ್ತಿತ್ತು ಎಂದು ಕೇಳಿಕೊಳ್ಳಿ. ಹಳ್ಳ ಸಂಕಕ್ಕೆ ಒಂದು ಅಡಿ ಹತ್ತಿರ ಬಂದ ದಿನ ಮಕ್ಕಳು ಈಚೆ ಇದ್ದರೆ ಈಚೆಯೇ ಇರಲಿ. ಆಚೆ ಸಿಕ್ಕಿಕೊಂಡರೆ ಅಲ್ಲಿಯೇ ಯಾರ ಮನೆಯಲ್ಲಿ ಉಳಿಯಬೇಕು ಎಂಬುದನ್ನು ಜೂನ್ ತಿಂಗಳಿಗೇ ಗೊತ್ತು ಮಾಡಿ, ಮಕ್ಕಳಿಗೂ ಮೇಷ್ಟರಿಗೂ ಹೇಳಿಡಿ.

ಈಗ ಕೊಡಗಿನ ಕಥೆಗೆ ಬರೋಣ. 2018ರಲ್ಲಿ ಮಡಿಕೇರಿಯ ಸುತ್ತಿನ ಮಕ್ಕಂದೂರು, ಹಟ್ಟಿಹೊಳೆ, ಕಾಲೂರು ಕಡೆಗಳಲ್ಲಿ ಗುಡ್ಡಗಳು ಜಾರಿದವು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ದಾರಿಯ ಜೋಡುಪಾಲದಲ್ಲಿ ಬೆಟ್ಟದಿಂದ ಕೆಸರು, ಮರ, ಬಂಡೆ ಎಲ್ಲ ಕೂಡಿ ಹಳ್ಳದಲ್ಲೇ ಇಳಿದು ಮನೆಗಳನ್ನು ಒಯ್ದವು. ಅಲ್ಲಿಯವರು ಮಳೆ ಕಾಣದವರೇ? ತಲೆಮಾರಿನಿಂದ ಅಂಗುಲ, ಸೆಂಟು ಎಂದು ಮಳೆಯ ಲೆಕ್ಕ ಬರೆದಿಟ್ಟವರು. ಅವರಿಗೂ ಇಂಥದು ಹೊಸದಾಗಿತ್ತು. ಆದ್ದರಿಂದ "ಎಂಥ ಆಗಲ್ಲ ಮಾರಾಯ್ರೆ, ಈ ಹಳ್ಳ ನಾವು ಕಾಣದ್ದಾ?" ಎನ್ನುವ ಮಾತು ಇದೆಯಲ್ಲ, ಅದೇ ದೊಡ್ಡ ಅಪಾಯ. ನಾವು ಕಂಡಿರುವುದು ಹಳ್ಳದ ಆಯುಷ್ಯದಲ್ಲಿ ನಲವತ್ತೋ ಐವತ್ತೋ ವರ್ಷ. ದಡದ ಮೇಲೆ, ಮನೆಯ ಅಂಗಳದಾಚೆ, ಆನೆಗಾತ್ರದ ಗುಂಡುಕಲ್ಲು ಬಿದ್ದಿದೆಯೇ ನೋಡಿ. ಅದು ಹಳ್ಳದ ಕಲ್ಲಿನ ಹಾಗೆ ನುಣ್ಣಗಿದ್ದರೆ, ಅದನ್ನು ಅಲ್ಲಿಗೆ ತಂದಿಟ್ಟದ್ದು ಯಾರು? ಎಂದೋ ಒಂದು ದಿನ ಇದೇ ಹಳ್ಳ.

ವಯನಾಡಿನಲ್ಲಿ ಇನ್ನೂ ಘೋರವಾಯಿತು. ನಮ್ಮ ಗುಂಡ್ಲುಪೇಟೆ, ಹೆಗ್ಗಡದೇವನಕೋಟೆಗೆ ತಾಗಿದ ಜಿಲ್ಲೆ ಅದು. ಎರಡು ದಿನ ಬಿಡದೆ ಮಳೆ ಹೊಯ್ದು, ಮುಂಡಕ್ಕೈ, ಚೂರಲ್‌ಮಲ ಎಂಬ ತೋಟದ ಊರುಗಳ ಮೇಲೆ ನಡುರಾತ್ರಿ ದಾಟಿದ ಮೇಲೆ ಮೊದಲನೆಯ ಸಲ ಕೆಸರಿನ ಹೊಳೆ ಇಳಿಯಿತು. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಮತ್ತೆ ಇಳಿಯಿತು. ಹೊಳೆ ತನ್ನ ದಾರಿ ಬಿಟ್ಟು ಊರಿನ ನಡುವೆಯೇ ಹರಿಯಿತು. ಸತ್ತವರು ಇನ್ನೂರಕ್ಕೂ ಹೆಚ್ಚು. ಕೆಲಸಕ್ಕೆಂದು ಹೋಗಿ ಅಲ್ಲೇ ನೆಲಸಿದ್ದ ನಮ್ಮ ಚಾಮರಾಜನಗರ, ಮಂಡ್ಯ ಕಡೆಯವರೂ ಅದರಲ್ಲಿದ್ದರು. ಇದರಿಂದ ಕಲಿಯಬೇಕಾದ್ದು ಎರಡು. ಒಂದು, ಇಂಥ ನೀರಿಗೆ ರಾತ್ರಿಯೇ ಅನುಕೂಲ. ಮಲಗಿದವರಿಗೆ ಹಳ್ಳದ ಬಣ್ಣ ಕಾಣುವುದಿಲ್ಲ. ಎರಡು, ಮೊದಲನೆಯ ಅಲೆ ಕೊನೆಯದಲ್ಲ. ಸದ್ದು ನಿಂತಿತೆಂದು ಪೆಟ್ಟಿಗೆ ತರಲು, ದನ ಬಿಡಿಸಲು ಮನೆಗೆ ಮರಳಬಾರದು.

ನಾನು ಮೊದಲೇ ಹೇಳಿದೆ, ಯೋಚನೆ ಮುಂಚೆಯೇ ಮುಗಿದಿರಬೇಕು ಎಂದು. ಯಾಕೆ ಎಂಬುದಕ್ಕೆ ಒಂದು ದೃಷ್ಟಾಂತ. ಆಗಸ್ಟಿನ ಒಂದು ಸಂಜೆ ಎಂದುಕೊಳ್ಳಿ. ಮಳೆ ಸ್ವಲ್ಪ ಹೊಳವಾಯಿತೆಂದು ಮನೆಯ ಯಜಮಾನರು ಹಳ್ಳದಾಚೆಯ ತೋಟಕ್ಕೆ ಕೊಳೆ ಔಷಧಿ ಹೊಡೆಸುತ್ತಿದ್ದಾರೆ. ಬೋರ್ಡೋ ದ್ರಾವಣ ಇನ್ನೂ ಅರ್ಧ ಡ್ರಮ್ಮು ಉಳಿದಿದೆ. ಆಳುಗಳು ನಾಳೆ ಸಿಗುವುದಿಲ್ಲ. ಹಳ್ಳ ಕೆಂಪಾದದ್ದನ್ನು ಅವರೂ ನೋಡಿದ್ದಾರೆ. "ಇನ್ನೊಂದು ಅರ್ಧ ಗಂಟೆ" ಎನ್ನುತ್ತಾರೆ. ಕೊಟ್ಟಿಗೆಯಲ್ಲಿ ಕರೆಯುವ ಹಸು ಕಟ್ಟಿದೆ. "ನೋಡುವ, ಏರಿದರೆ ಬಿಚ್ಚಿದರಾಯಿತು" ಎನ್ನುತ್ತಾರೆ ಮನೆಯವರು. ಅಜ್ಜಿಯನ್ನು ಮೇಲಿನ ಮನೆಗೆ ಕಳಿಸಬೇಕು, "ಈ ಮಳೇಲಿ ಎಲ್ಲಿ ನಡೆಸೋದು?" ಎನ್ನುತ್ತಾರೆ. ಇವರಲ್ಲಿ ಯಾರೂ ದಡ್ಡರಲ್ಲ. ಒಂದೊಂದು ಮಾತಿಗೂ ನ್ಯಾಯವಿದೆ. ಆದರೆ ಮೂರು ಅರ್ಧ ಗಂಟೆ ಕೂಡಿದ ಮೇಲೆ ಕತ್ತಲಾಗುತ್ತದೆ, ಕರೆಂಟು ಹೋಗುತ್ತದೆ, ಹಳ್ಳ ಸಂಕವನ್ನು ಮುಟ್ಟುತ್ತದೆ. ಅಪಾಯದ ಹೊತ್ತಿನಲ್ಲಿ ಮನುಷ್ಯನ ಮನಸ್ಸು ಹಸುವಿನ ಲೆಕ್ಕ, ಔಷಧಿಯ ಲೆಕ್ಕ ಹಾಕುತ್ತದೆ; ಪ್ರಾಣದ ಲೆಕ್ಕ ಹಾಕುವುದಿಲ್ಲ. ಅದಕ್ಕೇ ಲೆಕ್ಕವನ್ನು ಬೇಸಗೆಯಲ್ಲೇ ಹಾಕಿ, ಗೋಡೆಗೆ ಬರೆದಿಡಬೇಕು ಎನ್ನುವುದು.

ಅದು ಹೇಗೆ? ಮನೆಯ ಜಗಲಿಯಿಂದ ಕಾಣುವ, ಹಳ್ಳದ ದಡದ ಒಂದು ಗಟ್ಟಿ ಬಂಡೆಯನ್ನು ಆರಿಸಿಕೊಳ್ಳಿ. ಅದಕ್ಕೆ ಬಣ್ಣದಲ್ಲಿ ಮೂರು ಗೆರೆ ಎಳೆಯಿರಿ. ಸಾಧಾರಣ ಮಳೆಗಾಲದಲ್ಲಿ ನೀರು ನಿಲ್ಲುವ ಎತ್ತರಕ್ಕೆ ಬಿಳಿ ಗೆರೆ. ಅದಕ್ಕಿಂತ ಒಂದಡಿ ಮೇಲೆ ಹಳದಿ. ಸಂಕಕ್ಕೋ ಅಂಗಳಕ್ಕೋ ನೀರು ಮುಟ್ಟುವುದಕ್ಕೆ ಬಹಳ ಮುಂಚೆ ಬರುವ ಎತ್ತರಕ್ಕೆ ಕೆಂಪು. ನೀರು ಹಳದಿ ಮುಟ್ಟಿದರೆ ಆಚೆ ದಡದ ಕೆಲಸ ನಿಲ್ಲಬೇಕು, ಎಲ್ಲರೂ ಈಚೆ ಬರಬೇಕು, ದನದ ಕಣ್ಣಿ ಬಿಚ್ಚಿ ಮೇಲಿನ ಹಕ್ಕಲಿಗೆ ಹೊಡೆಯಬೇಕು, ಮುದುಕರನ್ನೂ ಮಕ್ಕಳನ್ನೂ ಮೇಲಿನ ಮನೆಗೆ ಕಳಿಸಬೇಕು. ಕೆಂಪು ಮುಟ್ಟಿದರೆ ಮನೆ ಬಿಡಬೇಕು. ಚರ್ಚೆ ಇಲ್ಲ. ಇನ್ನೊಂದು ಕಟ್ಟಳೆ: ಸಂಜೆ ಐದಕ್ಕೆ ನೀರು ಹಳದಿಯಲ್ಲಿದ್ದರೆ ಕೆಂಪಿಗೆ ಕಾಯದೆ, ಬೆಳಕಿರುವಾಗಲೇ ಎಲ್ಲರೂ ಹೊರಡಬೇಕು. ಎಂಟು ಸಲ ಸುಮ್ಮನೆ ಹೋಗಿ ಬಂದಿರಿ ಎಂದರೆ ಎಂಟು ರಾತ್ರಿಯ ನಿದ್ದೆ ಕೆಟ್ಟಿತು, ಅಷ್ಟೇ ನಷ್ಟ. ಒಂಬತ್ತನೆಯ ಸಲಕ್ಕೆ ಬೆಲೆ ಕಟ್ಟುವುದು ಸಾಧ್ಯವೆ?

ಮಳೆಯನ್ನೂ ಅಳೆಯಿರಿ. ಮಾಪಕ ಇಲ್ಲದವರು, ಬಾಯಿ ಮತ್ತು ತಳ ಒಂದೇ ಅಗಲವಿರುವ ಡಬ್ಬವನ್ನು ಮರದ ಹನಿ ಬೀಳದ ಬಯಲಿನಲ್ಲಿಟ್ಟು, ಬೆಳಗ್ಗೆ ಎಂಟೂವರೆಗೆ ಅಡಿಪಟ್ಟಿ ಇಳಿಸಿ ನೋಡಿದರೆ ಸಾಕು. ಹವಾಮಾನ ಇಲಾಖೆಯವರ ಲೆಕ್ಕದ ದಿನವೂ ಬೆಳಗಿನ ಎಂಟೂವರೆಯಿಂದ ಎಂಟೂವರೆಗೆ. ಅವರ ಪ್ರಕಾರ ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಮಿ.ಮೀ.ನಿಂದ ಅತಿ ಭಾರಿ, 204.5 ಮಿ.ಮೀ. ಅಥವಾ ಅದಕ್ಕೂ ಹೆಚ್ಚಾದರೆ ಅತ್ಯಂತ ಭಾರಿ. ಅಂಗುಲದಲ್ಲಿ ಹೇಳುವುದಾದರೆ ಎರಡೂವರೆ, ನಾಲ್ಕೂವರೆ, ಎಂಟು. ಒಂದೇ ಗಂಟೆಯಲ್ಲಿ 100 ಮಿ.ಮೀ., ಅಂದರೆ ನಾಲ್ಕು ಅಂಗುಲ, ಸುರಿದರೆ ಅದಕ್ಕೆ ಮೇಘಸ್ಫೋಟ ಎನ್ನುತ್ತಾರೆ. ಇಲಾಖೆಯ ಮುನ್ಸೂಚನೆಯ ಬಣ್ಣಗಳೂ ನಿಮಗೆ ಗೊತ್ತಿರಲಿ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೆಲಸಕ್ಕೆ ತೊಡಗಿ. ದಿಢೀರ್ ಪ್ರವಾಹದ ಬಗ್ಗೆ ಕೆಲವು ತಾಸು ಮುಂಚೆ ಸೂಚನೆ ಕೊಡುವ ಒಂದು ವ್ಯವಸ್ಥೆಯನ್ನು ಇಲಾಖೆಯವರು 2020ರ ಅಕ್ಟೋಬರಿನಲ್ಲಿ ಪ್ರಾರಂಭಿಸಿದ್ದಾರೆ. ಆದರೆ ಒಂದು ಮಾತು. ಆ ಸೂಚನೆ ವಿಶಾಲವಾದ ಪ್ರದೇಶಕ್ಕೆ ಇರುತ್ತದೆ. ನಿಮ್ಮ ಹಳ್ಳಕ್ಕೆ ಎಂದು ಬೇರೆ ಇರುವುದಿಲ್ಲ. ಕೆಂಪು ಸೂಚನೆ ಬಂದ ದಿನ ನಿಮ್ಮ ಡಬ್ಬದಲ್ಲೂ ಎಂಟು ಅಂಗುಲ ತುಂಬಿದ್ದರೆ, ಆ ರಾತ್ರಿ ಹಳ್ಳದ ಬುಡದ ಮನೆಯಲ್ಲಿ ಮಲಗಬೇಡಿ. ಡಬ್ಬದಲ್ಲಿ ಕಡಿಮೆಯಿದ್ದರೂ ಗೆರೆಯ ಕಟ್ಟಳೆ ಬಿಡಬೇಡಿ. ಬೆಟ್ಟದ ತಲೆಯ ಮಳೆ ನಿಮ್ಮ ಡಬ್ಬಕ್ಕೆ ಬೀಳುವುದಿಲ್ಲ.

ಮೂರು ಗೆರೆಯನ್ನೂ ಒಂದೇ ಸಲ ನುಂಗಿ ಬರುವ ನೀರೂ ಉಂಟು. ಆದುದರಿಂದ ಹಳ್ಳ ಹೇಳುವ ಮಾತನ್ನು ಕೇಳಲು ಕಲಿಯಬೇಕು. ತಿಳಿಯಿದ್ದ ನೀರು ಒಮ್ಮೆಲೆ ಕೆಂಪಾಗಿ, ಹಸಿ ಎಲೆ, ಬೇರು, ಕೊಂಬೆ ತೇಲಿ ಬಂದರೆ ಮೇಲೆ ದಡವೋ ಗುಡ್ಡವೋ ಕುಸಿದಿದೆ ಎಂದು ತಿಳಿಯಿರಿ. ನೀರಿನ ಸದ್ದಿನ ಒಳಗಿಂದ ಕಲ್ಲು ಕಲ್ಲಿಗೆ ಬಡಿಯುವ ಗುಡುಗುಡು ಕೇಳಿದರೆ, ಹಸಿಮಣ್ಣಿನ ವಾಸನೆ ಗಾಳಿಯಲ್ಲಿ ದಟ್ಟವಾಗಿ ಬಂದರೆ, ಹೊರಡಿ. ಎಲ್ಲಕ್ಕಿಂತ ಮೋಸದ ಲಕ್ಷಣ ಒಂದಿದೆ. ಮಳೆ ಜೋರಾಗಿಯೇ ಇದೆ, ಆದರೆ ಹಳ್ಳ ಇದ್ದಕ್ಕಿದ್ದಂತೆ ಇಳಿಯಿತು. ಆಗ ಕೆಲವರು "ಸದ್ಯ, ಇಳೀತು" ಎಂದು ನಿಟ್ಟುಸಿರು ಬಿಡುತ್ತಾರೆ. ಮೀನು ಹಿಡಿಯಲು ಇಳಿಯುವವರೂ ಉಂಟು. ಮಳೆಯಿದ್ದೂ ನೀರು ಇಳಿದರೆ, ಮೇಲೆ ಮಣ್ಣೋ ಮರವೋ ಬಿದ್ದು ಹಳ್ಳಕ್ಕೆ ಅಡ್ಡ ಕಟ್ಟಿದೆ ಎಂದೇ ಅರ್ಥ. ಆ ಕಟ್ಟೆ ಒಡೆದಾಗ ತಡೆದ ನೀರೆಲ್ಲ ಒಂದೇ ಗೋಡೆಯಾಗಿ ಬರುತ್ತದೆ. ಆ ಕ್ಷಣವೇ ಮೇಲಕ್ಕೆ ಓಡಬೇಕು.

ಗುಡ್ಡ ಜಾರುವ ಲಕ್ಷಣಗಳೂ ಬೇರೆ ಇವೆ. ಮನೆಯ ಹಿಂದಿನ ಧರೆಯ ಮೇಲೆ ಬಿಲ್ಲಿನಾಕಾರದ ಬಿರುಕು, ವಾಲಿದ ಅಡಿಕೆ ಮರ ಅಥವಾ ಕರೆಂಟು ಕಂಬ, ಹಿಂದೆ ಇಲ್ಲದ ಕಡೆ ಉಕ್ಕುವ ಕೆಸರು ಒರತೆ, ನಿನ್ನೆ ಸಲೀಸಾಗಿ ಹಾಕುತ್ತಿದ್ದ ಬಾಗಿಲು ಇವತ್ತು ಬಿಗಿಯಾಗುವುದು. ಇವುಗಳಲ್ಲಿ ಒಂದನ್ನು ಕಂಡರೂ ಆ ಮನೆಯಲ್ಲಿ ರಾತ್ರಿ ಕಳೆಯಬಾರದು. ಜಾರುವ ಮಣ್ಣು ಹಳ್ಳದ ಆಚೆಯವರನ್ನೂ ಬಿಡುವುದಿಲ್ಲ. ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಹೆದ್ದಾರಿಯ ಮೇಲಿಂದ ಗಂಗಾವಳಿ ಹೊಳೆಗೆ ಬಿದ್ದಾಗ, ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನು ಬಡಿಯಿತು.

ಹೊರಡುವಾಗ ಯಾವ ಕಡೆಗೆ? ಹಳ್ಳದ ಉದ್ದಕ್ಕೆ ಕೆಳಕ್ಕೆ ಓಡಬೇಡಿ. ನೀರು ನಿಮಗಿಂತ ವೇಗ. ಹಳ್ಳದ ಪಕ್ಕದ ರಸ್ತೆಯಲ್ಲಿ ಗಾಡಿ ಹತ್ತಿ ಹೋಗುವುದೂ ಬೇಡ. ಹಳ್ಳಕ್ಕೆ ಅಡ್ಡಲಾಗಿ, ಪಕ್ಕದ ಏಣಿನ ಕಡೆಗೆ, ಮೇಲಕ್ಕೆ ಹತ್ತಿ. ಕಣಿವೆಯ ಗುಂಡಿಯಲ್ಲಾಗಲಿ ಕಡಿದ ಧರೆಯ ಬುಡದಲ್ಲಾಗಲಿ ನಿಲ್ಲಬೇಡಿ. ಹೋಗುವ ದಾರಿ ಎಲ್ಲಿಯೂ ಹಳ್ಳ ದಾಟದಂತಿರಬೇಕು. ಈ ದಾರಿಯನ್ನು ಮೇ ತಿಂಗಳಲ್ಲಿ ಮನೆಮಂದಿಯೆಲ್ಲ ಒಮ್ಮೆ ನಡೆದು ನೋಡಿ. ಅಜ್ಜಿಯ ನಡಿಗೆಯಲ್ಲಿ ಎಷ್ಟು ಹೊತ್ತು ಬೇಕು ಎಂಬುದೇ ನಿಮ್ಮ ನಿಜವಾದ ಲೆಕ್ಕ. ಪಹಣಿ, ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್, ದಿನದ ಮಾತ್ರೆ, ಟಾರ್ಚು, ಬೆಂಕಿಪೆಟ್ಟಿಗೆ ಇವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಂದು ಚೀಲದಲ್ಲಿಟ್ಟು ಬಾಗಿಲ ಹಿಂದೆ ತೂಗುಹಾಕಿ. ಕರೆಂಟು ಹೋದರೆ ಮೊಬೈಲಿನ ಟವರೂ ನಿಲ್ಲಬಹುದು. ಶೆಲ್ ಹಾಕಿದ ರೇಡಿಯೋ ಒಂದು ಇರಲಿ. ಕೇರಿಗೆಲ್ಲ ಒಂದು ಸಂಕೇತ ಗೊತ್ತು ಮಾಡಿ. ಜಾಗಟೆಯೋ, ಶಂಖವೋ, ಮಸೀದಿಯ ಮೈಕೋ, ಇಗರ್ಜಿಯ ಗಂಟೆಯೋ ಯಾವುದಾದರೂ ಸರಿ. ಮೇಲಿನ ಮನೆಯವರು ಹಳ್ಳ ಕೆಂಪಾದದ್ದನ್ನು ಮೊದಲು ಕಾಣುತ್ತಾರೆ. ಕೆಳಗಿನ ಮನೆಯವರಿಗೆ ತಿಳಿಸುವುದು ಅವರ ಧರ್ಮ. ಮನಸ್ತಾಪವಿದ್ದರೂ ಸರಿ, ಮಳೆಗಾಲದ ಮಟ್ಟಿಗೆ ಅದನ್ನು ಅಟ್ಟದ ಮೇಲಿಡಿ.

ಕೆಲವು ಬೇಡಗಳನ್ನು ಹೇಳುತ್ತೇನೆ. ನೆರೆಯಲ್ಲಿ ತೇಲಿಬರುವ ಕಟ್ಟಿಗೆ, ತೆಂಗಿನಕಾಯಿ ಹಿಡಿಯಲು ಇಳಿಯಬೇಡಿ. ಏರುನೀರಿಗೆ ಹತ್ತುವ ಮೀನಿನ ಆಸೆಗೆ ರಾತ್ರಿ ಬ್ಯಾಟರಿ ಹಿಡಿದು ಹೋಗಬೇಡಿ. ನೀರಿನಲ್ಲಿ ನಿಂತು ಪಂಪಿನ ಸ್ವಿಚ್ಚು ಮುಟ್ಟಬೇಡಿ. ಯಾರಾದರೂ ಬಿದ್ದರೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹಾರಬೇಡಿ; ಹಗ್ಗ ಬಿಗಿಯಾದಾಗ ರಭಸದ ನೀರು ಆ ಮನುಷ್ಯನನ್ನು ಅಡಿಗೆ ಅದುಮಿ ಹಿಡಿಯುತ್ತದೆ. ಮುಚ್ಚಳ ಬಿಗಿದ ಖಾಲಿ ಕ್ಯಾನನ್ನು ಹಗ್ಗದ ತುದಿಗೆ ಕಟ್ಟಿ ದಡದಿಂದ ಎಸೆಯಿರಿ. ಸ್ವತಃ ಬಿದ್ದವರು ಎದ್ದು ನಿಲ್ಲಲು ಹೋಗಬಾರದು. ಕಾಲು ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಅಂಗಾತನಾಗಿ, ಕಾಲು ಮುಂದೆ ಮಾಡಿ, ತಲೆಯೆತ್ತಿ ತೇಲುತ್ತ ಓರೆಯಾಗಿ ದಡದ ಕಡೆ ಕೈ ಹಾಕಬೇಕು. ಅಡ್ಡ ಮರ ಎದುರಾದರೆ ಅದರ ಅಡಿಗೆ ಹೋಗದೆ ಮೇಲೆ ಹತ್ತಲು ನೋಡಬೇಕು. ಸಹಾಯಕ್ಕೆ 112ಕ್ಕೆ, ಇಲ್ಲವೆ ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೆ ಫೋನು ಮಾಡಿ.

ನೀರು ಇಳಿದ ಮೇಲೆ ಕೂಡ ಅವಸರ ಬೇಡ. ಮೇಲೆ ಮಳೆ ನಿಂತು, ಹಳ್ಳ ಬಿಳಿ ಗೆರೆಗೆ ಇಳಿದು, ಪಂಚಾಯಿತಿಯವರು ಸರಿ ಎಂದ ಮೇಲೆ ಹಗಲು ಹೊತ್ತಿನಲ್ಲಿ ಮನೆಗೆ ಮರಳಿ. ಬಿದ್ದ ತಂತಿ ಮುಟ್ಟಬೇಡಿ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಿ, ನೀರು ಕುದಿಸಿ ಕುಡಿಯಿರಿ. ಕಾಲಿನಲ್ಲಿ ಗಾಯವಿದ್ದು ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಜ್ವರ ಬಂದರೆ ಇಲಿಜ್ವರವಿರಬಹುದು, ಆಸ್ಪತ್ರೆಗೆ ಹೋಗಿ. ಹಾನಿಯ ಫೋಟೋ ತೆಗೆದಿಟ್ಟು ಗ್ರಾಮ ಆಡಳಿತ ಅಧಿಕಾರಿಗೆ ಬರಹದಲ್ಲಿ ತಿಳಿಸಿ.

ಕಡೆಯದಾಗಿ, ನೀರಿನ ದಾರಿ ನೀರಿಗೆ ಬಿಡುವ ಮಾತು. ಕೊಡಗಿನ ಕುಸಿತಗಳನ್ನು ಪರಿಶೀಲಿಸಿದ ಭೂವಿಜ್ಞಾನಿಗಳು ಮನೆಗೆ, ರಸ್ತೆಗೆ ಎಂದು ಇಳಿಜಾರನ್ನು ನೆಟ್ಟಗೆ ಕಡಿದದ್ದು ಒಂದು ಮುಖ್ಯ ಕಾರಣ ಎಂದಿದ್ದಾರೆ. ಧರೆಯನ್ನು ಗೋಡೆಯಂತೆ ನೆಟ್ಟಗೆ ಕಡಿಯಬೇಡಿ. ಮೆಟ್ಟಿಲು ಮಾಡಿ, ಲಾವಂಚ ನೆಡಿ. ಇಂಗುಗುಂಡಿ ಒಳ್ಳೆಯದೇ, ಆದರೆ ಮನೆಯ ಮೇಲಿನ ಕಡಿದಾದ ಇಳಿಜಾರಿನಲ್ಲಿ ಬೇಡ. ಅಲ್ಲಿ ನೀರು ಇಂಗಿದಷ್ಟೂ ಮಣ್ಣು ಸಡಿಲವಾಗುತ್ತದೆ. ಅಂಥ ಕಡೆ ಬಸಿಗಾಲುವೆ ತೆಗೆದು ನೀರನ್ನು ಪಕ್ಕಕ್ಕೆ ಹರಿಸಿ. ಮೋರಿಯ ಬಾಯಿಯ ಕಸವನ್ನು ಮೇ ತಿಂಗಳಲ್ಲೇ ತೆಗೆಯಿರಿ. ಹಳ್ಳವನ್ನು ಒತ್ತಿ ನಾಲ್ಕು ಸಾಲು ಅಡಿಕೆ ಹೆಚ್ಚು ಹಾಕಿದವರ ಸಸಿಗಳನ್ನು ಹಳ್ಳ ಒಂದು ದಿನ ಎಣಿಸಿಕೊಂಡು ಒಯ್ಯುತ್ತದೆ.

ರೈತ ಬಾಂಧವರೆ, ಹಳ್ಳ ನಮ್ಮ ಶತ್ರುವಲ್ಲ. ಅದರ ಜೊತೆ ಬಾಳಬೇಕಾದರೆ ಅದು ಏರುವ ಹೊತ್ತಿಗೆ ನಾವು ದಾರಿ ಬಿಡಬೇಕು, ಅಷ್ಟೇ. ಬರುವ ಭಾನುವಾರ ಒಂದು ಸಣ್ಣ ಡಬ್ಬ ಬಣ್ಣ, ಒಂದು ಕುಂಚ ಹಿಡಿದು ಮಕ್ಕಳನ್ನು ಕರೆದುಕೊಂಡು ಹಳ್ಳಕ್ಕೆ ಇಳಿಯಿರಿ. ಗೆರೆ ಎಳೆಯುವ ಕೆಲಸ ಮಕ್ಕಳ ಕೈಯಲ್ಲೇ ಮಾಡಿಸಿ. ಯಾವ ಗೆರೆಗೆ ಏನು ಮಾಡಬೇಕು ಎಂದು ಅವರ ಬಾಯಲ್ಲೇ ಹೇಳಿಸಿ. ಒಂದು ಮಳೆಯ ಸಂಜೆ ನೀವು "ಇನ್ನೊಂದು ಅರ್ಧ ಗಂಟೆ" ಎಂದಾಗ, "ಅಪ್ಪಯ್ಯ, ನೀರು ಹಳದಿ ಮುಟ್ಟಿತು" ಎಂದು ನಿಮ್ಮ ಮಗಳು ಕೂಗಬೇಕು. ಆಗ ಅವಳ ಮಾತು ಕೇಳಿ.